ಉಲ್ಲಾಳದ ಹುಡುಗಿ ಕೊಟ್ಟ ಹಸಿ ರಕ್ತ

ಕೆಂಗೇರಿ ಪಕ್ಕದ ಉಲ್ಲಾಳದಿಂದ ಆ ಹುಡುಗಿ ನಮ್ಮ ಮನೆಗೆ ಬಂದಾಗ ನಾನು ನಡುಮನೆಯ ಗೋಡೆಗೆ ಒರಗಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಸುಲಿಯುವುದು ಅಂದರೆ ನಾಲ್ಕು ಕಾಯಿ ಸುಲಿದು, ನಿಲ್ಲಿಸಿ ಉಸಿರೆಳೆದುಕೊಂಡು, ಮತ್ತೆ ನಾಲ್ಕು ಸುಲಿಯುವುದು. ನಮ್ಮ ಅತ್ತೆ ಅವಳ ಕೈಯಿಂದ ತಗಡಿನ ಪೆಟ್ಟಿಗೆ ಇಸಕೊಂಡು ಒಳಗಿಟ್ಟು ಬಂದರು. ನನ್ನ ಮುಖ ನೋಡದೆ ಹೇಳಿದರು, "ನಿಂಗೆ ಕೈಸಹಾಯಕ್ಕೆ ಇರ್ಲಿ ಅಂತ ಕರೆಸಿದೀನಿ ಕಣೇ. ನಮ್ಮಣ್ಣನ ಮಗಳು, ನಿಂಗೂ ಗೊತ್ತಲ್ಲ."

ಗೊತ್ತಿತ್ತು. ಅತ್ತೆಯ ಅಣ್ಣನ ಮಗಳು ಅಂದರೆ ನನ್ನ ಗಂಡನಿಗೆ ಸೋದರಮಾವನ ಮಗಳು. ನಮ್ಮ ಕಡೆ ಅದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮದುವೆ ಕಾಲಕ್ಕೆ ಅವಳು ಚಿಕ್ಕವಳಾಗಿದ್ದಳು, ಇಲ್ಲದಿದ್ದರೆ ಈ ಮನೆಗೆ ಸೊಸೆಯಾಗಿ ಬರಬೇಕಾಗಿದ್ದವಳು ಅವಳೇ. ಈಗ ಅವಳು ಬೆಳೆದಿದ್ದಳು, ನಾನು ಹಾಸಿಗೆ ಹಿಡಿದಿದ್ದೆ. ಎರಡನೇ ಮದುವೆ ಮಾಡಿಕೊಳ್ಳೋ ಹಾಗಿಲ್ಲ ಅಂತ ಆಗತಾನೇ ಕಾಯ್ದೆ ಬಂದಿತ್ತು. ಪಕ್ಕದ ಮನೆಯವರು ಅದನ್ನು ಎತ್ತಿದಾಗ ಅತ್ತೆ, "ಕಾಯ್ದೆ ಪೇಪರ್ನೋರಿಗೆ. ಮನೇಲಿ ಎಲ್ರೂ ಒಪ್ಪಿದ್ರೆ ಯಾರು ಬಂದು ಕೇಳ್ತಾರೆ" ಅಂದದ್ದು ನನ್ನ ಕಿವಿಗೂ ಬಿದ್ದಿತ್ತು. ಆ 'ಎಲ್ರೂ' ಅನ್ನೋದರಲ್ಲಿ ನಾನೂ ಇದ್ದೆ.

ಅತ್ತೆ ಕೆಟ್ಟವರು ಅಂತ ನಾನು ಯಾವತ್ತೂ ಹೇಳಲಾರೆ. ಒಬ್ಬನೇ ಮಗ. ಅವನ ಹೆಂಡತಿ ಬೀದಿ ನಲ್ಲಿಯಿಂದ ಒಂದು ಬಿಂದಿಗೆ ನೀರು ತರಲಾರಳು. ಯಾವ ತಾಯಿಯಾದರೂ ಹಾಗೇ ಯೋಚನೆ ಮಾಡುತ್ತಿದ್ದಳು.

ನಾನು ಹುಟ್ಟಿದ್ದು ಕುರುಬರಹಳ್ಳಿಯಲ್ಲಿ. ಆಗ ಅದು ಹಳ್ಳಿಯೇ. ರಾಗಿ ಹೊಲ, ಸೊಪ್ಪಿನ ಮಡಿ, ಎರಡು ಬಾವಿ. ಚಿಕ್ಕಂದಿನಲ್ಲಿ ಒಂದು ಸಲ ಗಂಟಲು ನೋವು ಬಂದು, ಆಮೇಲೆ ಜ್ವರ ಬಂದು, ಮಂಡಿ, ಮೊಣಕೈ ಎಲ್ಲ ಊದಿಕೊಂಡಿದ್ದವು. ಯಾವುದೋ ಎಲೆ ಅರೆದು ಕಟ್ಟಿದರು, ಊತ ಇಳಿಯಿತು. ಆ ಜ್ವರ ಕೀಲನ್ನು ಬಿಟ್ಟು ಹೃದಯಕ್ಕೆ ಹೋಗಿ ಕೂತಿತ್ತು ಅಂತ ಯಾರಿಗೆ ಗೊತ್ತು? ಮದುವೆ ಆಗೋ ವೇಳೆಗೆ ನಾನು ಓಡುವುದನ್ನು ಬಿಟ್ಟಿದ್ದೆ, ಅಷ್ಟೆ. ಹುಡುಗಿ ಸಮಾಧಾನಸ್ಥೆ ಅಂತ ಎಲ್ಲರೂ ಹೊಗಳಿದರು.

ಮದುವೆಯಾದ ಮೇಲೆ ನನ್ನ ಗಂಡನಿಗೆ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಸಿಕ್ಕಿ ನಾವು ರಾಜಾಜಿನಗರಕ್ಕೆ ಬಂದೆವು. ಬಡಾವಣೆ ಆಗಿನ್ನೂ ಹೊಸದು. ಒಂದೇ ಥರದ ಸಣ್ಣ ಮನೆಗಳ ಸಾಲು, ನೆರಳಿಗೆ ಒಂದು ಗಿಡವಿಲ್ಲ, ಎಲ್ಲಿ ಕೂತರೂ ಸೀರೆಗೆ ಕೆಮ್ಮಣ್ಣು. ನಲ್ಲಿಯಿಂದ ಮನೆಗೆ ಬರುವಾಗ ದಾರಿಯಲ್ಲಿ ಬಿಂದಿಗೆ ಇಳಿಸಿ, ಸೆರಗು ಸರಿಮಾಡಿಕೊಳ್ಳುವವಳ ಹಾಗೆ ನಿಲ್ಲುತ್ತಿದ್ದೆ. ಸೆರಗು ನೆಟ್ಟಗೇ ಇರುತ್ತಿತ್ತು. ಬಸುರಾದಾಗ ಕೆಮ್ಮು ಹಿಡಿಯಿತು. ಕೆಮ್ಮಿದರೆ ಉಗುಳು ಕೆಂಪಗೆ ಬರುತ್ತಿತ್ತು, ಅದನ್ನು ಒಲೆಯ ಬೂದಿಯಲ್ಲಿ ಮುಚ್ಚುತ್ತಿದ್ದೆ. ಮಗು ಹೊಟ್ಟೆಯಲ್ಲೇ ಹೋಯಿತು. ಆಗ ಕಾರ್ಖಾನೆಯ ಡಾಕ್ಟರು ನನ್ನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ನನ್ನ ಗಂಡನನ್ನು ಹೊರಗೆ ಕರೆದು ಮಾತಾಡಿದರು. ಇನ್ನೊಂದು ಬಸಿರು ಬೇಡ, ಉಳಿಯೋದಿಲ್ಲ ಅಂದರಂತೆ. ಉಲ್ಲಾಳಕ್ಕೆ ಸುದ್ದಿ ಹೋದದ್ದು ಅದಾದ ಮೇಲೆ.

ಹುಡುಗಿ ಬಂದ ಮೇಲೆ ಮನೆ ಕೆಲಸ ಎಲ್ಲ ಅವಳದೇ ಆಯಿತು. ಅವಳು ಹೆಚ್ಚು ಮಾತಿನವಳಲ್ಲ. ಎತ್ತರಕ್ಕಿದ್ದಳು, ಎರಡು ಬಿಂದಿಗೆ ಒಟ್ಟಿಗೆ ಹೊತ್ತು ಬಂದು ಇಳಿಸಿದರೂ ಮೂಗಿನ ಹೊಳ್ಳೆ ಅಗಲವಾಗುತ್ತಿರಲಿಲ್ಲ. ನನಗೆ ನೆಟ್ಟಗೆ ಮಲಗಲು ಆಗುತ್ತಿರಲಿಲ್ಲ, ಮಲಗಿದರೆ ನೀರಲ್ಲಿ ಮುಳುಗಿದ ಹಾಗಾಗುತ್ತಿತ್ತು. ಬೆನ್ನ ಹಿಂದೆ ಹಾಸಿಗೆ ಸುತ್ತಿಟ್ಟು, ಅದರ ಮೇಲೆ ದಿಂಬು ಒಟ್ಟಿ ನನ್ನನ್ನು ಕೂರಿಸುತ್ತಿದ್ದವಳು ಅವಳು. ಕಾಲು ಊದಿದಾಗ ನೀವುತ್ತಿದ್ದವಳೂ ಅವಳೇ. ನನ್ನ ಜಾಗಕ್ಕೆ ಬರಬೇಕಾದವಳ ಕೈಯಲ್ಲಿ ಕಾಲು ಒತ್ತಿಸಿಕೊಳ್ಳುವಾಗ ನಾನು ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಇರುತ್ತಿದ್ದೆ. ನಾಚಿಕೆಯಿಂದ ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಮನೆಯಲ್ಲಿರಲಿಲ್ಲ. ಅವಳು ನನ್ನ ತಲೆ ಬಾಚುತ್ತಿದ್ದಳು. ಬೆನ್ನು ಅವಳ ಕಡೆಗಿದ್ದದ್ದರಿಂದ ಧೈರ್ಯ ಬಂದು ಕೇಳಿದೆ.

"ನಿನ್ನ ಯಾಕೆ ಕರ್ಕೊಂಡ್ ಬಂದಿದಾರೆ ಅಂತ ಗೊತ್ತೇನೇ?"

"ಗೊತ್ತು ಅಕ್ಕ."

"ನಿಂಗೆ ಇಷ್ಟಾನಾ?"

ಬಾಚಣಿಗೆ ನಿಲ್ಲಲಿಲ್ಲ. "ನನ್ನ ಯಾರೂ ಕೇಳ್ಲಿಲ್ಲ," ಅಂದಳು. ಒಂದು ಸಿಕ್ಕು ಬಿಡಿಸುತ್ತಾ, "ನಿಮ್ಮನ್ನ ಕೇಳಿದ್ರಾ?" ಅಂದಳು.

ನನ್ನನ್ನೂ ಯಾರೂ ಕೇಳಿರಲಿಲ್ಲ. ಗಂಡನನ್ನು ನಾನೇ ಒಮ್ಮೆ ಕೇಳಿದ್ದೆ. ಅವರು ಕಾರ್ಖಾನೆಯ ಎಣ್ಣೆ ಕೈಯನ್ನು ಸೀಗೆಪುಡಿ ಹಾಕಿ ತೊಳೆಯುತ್ತಾ, "ಅಮ್ಮ ಏನೋ ಹೇಳ್ತಾಳೆ. ನೋಡಾನ," ಅಂದಿದ್ದರು. ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ.

ಆದರೆ ಆತ ಸುಮ್ಮನೆ ಕೂತಿರಲಿಲ್ಲ ಅಂತ ಆಮೇಲೆ ತಿಳಿಯಿತು. ಕಾರ್ಖಾನೆಯ ಡಾಕ್ಟರ ಬೆನ್ನು ಬಿದ್ದು, ಊರೊಳಗಿನ ದೊಡ್ಡಾಸ್ಪತ್ರೆಗೆ ಹೊಸದಾಗಿ ಬಂದಿದ್ದ ಸರ್ಜನ್ ಒಬ್ಬರಿಗೆ ಚೀಟಿ ಬರೆಸಿಕೊಂಡಿದ್ದರು. ಆ ಸರ್ಜನ್ ತೆಳ್ಳಗಿದ್ದರು, ಕೈಬೆರಳು ಉದ್ದ. ನನ್ನನ್ನು ಪರೀಕ್ಷೆ ಮಾಡಿ ನಮಗೆಲ್ಲ ಅರ್ಥವಾಗೋ ಹಾಗೆ ಹೇಳಿದರು. ಹೃದಯದ ಒಳಗೆ ಎರಡು ಎಲೆಯಂಥ ಬಾಗಿಲು ಇರುತ್ತದೆ, ನನ್ನದು ಆ ಹಳೆ ಜ್ವರದಿಂದ ಅಂಟಿಕೊಂಡುಬಿಟ್ಟಿದೆ, ರಕ್ತ ದಾಟಲಾಗದೆ ಶ್ವಾಸಕೋಶದಲ್ಲಿ ನಿಲ್ಲುತ್ತಿದೆ. ಪಕ್ಕೆ ಕೊಯ್ದು, ಹೃದಯ ಬಡಿಯುತ್ತಿರುವಾಗಲೇ ಒಂದು ಬೆರಳು ಒಳಗೆ ಹಾಕಿ ಆ ಬಾಗಿಲು ಬಿಡಿಸಬೇಕು.

ಅತ್ತೆ ಕೇಳಿದರು, "ಬೆರಳಾ?"

"ಬೆರಳೇ," ಅಂದರು ಅವರು. "ಅಪಾಯ ಇಲ್ಲ ಅಂತ ಹೇಳಲ್ಲಮ್ಮ. ಮಾಡಿಸದಿದ್ರೂ ಅಪಾಯಾನೇ."

ನನ್ನ ಗಂಡ ಅಲ್ಲೇ ಒಪ್ಪಿದರು. ಅಮ್ಮನ ಕಡೆ ತಿರುಗಿ ನೋಡದೆ ಆತ ಒಂದು ವಿಷಯ ತೀರ್ಮಾನ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಪರೇಷನ್ನಿಗೆ ರಕ್ತ ಬೇಕಾಗುತ್ತದೆ ಅಂತ ಮನೆಯವರ ಬೆರಳನ್ನೆಲ್ಲ ಚುಚ್ಚಿ ನೋಡಿದರು. ಗಂಡನದು ನನ್ನದಕ್ಕೆ ಸೇರಲಿಲ್ಲ. ಕುರುಬರಹಳ್ಳಿಯಿಂದ ಬಂದಿದ್ದ ನನ್ನ ಅಣ್ಣನದು ಸೇರಿತು. ನನ್ನ ಬಟ್ಟೆ ಗಂಟು ಹಿಡಿದುಕೊಂಡು ಜೊತೆಗೆ ನಿಂತಿದ್ದ ಉಲ್ಲಾಳದ ಹುಡುಗಿಯ ಬೆರಳನ್ನೂ ಚುಚ್ಚಿದರು, ಅವಳದೂ ಸೇರಿತು. ಈಗಲೇ ಕೊಡಬೇಕಾಗಿಲ್ಲ, ಐಸ್ ಪೆಟ್ಟಿಗೆಯಲ್ಲಿ ಬಾಟಲಿಗಳಿವೆ, ಅದು ಸಾಲದಿದ್ದರೆ ಹೇಳುತ್ತೇವೆ ಅಂದರು. ಅಣ್ಣ ಮೀಸೆ ಮೇಲೆ ಕೈ ಆಡಿಸಿ, "ನಮ್ಮ ಹುಡುಗಿಗೆ ಎಷ್ಟು ಬೇಕೋ ಅಷ್ಟು ತಕ್ಕಳಿ ಸಾರ್," ಅಂದ. ನನಗೆ ಹೆಮ್ಮೆಯಾಯಿತು. ತವರಿನವರು ಒಬ್ಬರಾದರೂ ನೆಟ್ಟಗೆ ನಿಂತು ಮಾತಾಡಿದರಲ್ಲ ಅಂತ.

ಆಪರೇಷನ್ ಆದ ದಿನದ ಕೆಲವು ಸಂಗತಿ ನನಗೆ ನೆನಪಿದೆ, ಕೆಲವು ಆಮೇಲೆ ಬೇರೆಯವರಿಂದ ಕೇಳಿದ್ದು. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋಗಿ ಮುಖಕ್ಕೆ ರಬ್ಬರಿನ ಮುಚ್ಚಳ ಇಟ್ಟರು, ತಲೆ ಸಿಡಿಯುವಂಥ ಸಿಹಿ ವಾಸನೆ. ಬೆರಳು ಹಾಕಲು ಹೃದಯದ ಕಿವಿಯಂಥ ಒಂದು ಭಾಗವನ್ನು ಕೊಯ್ಯುತ್ತಾರೆ. ನನ್ನದು ಅಲ್ಲಿ ತೆಳುವಾಗಿತ್ತೋ ಏನೋ, ಹರಿದುಕೊಂಡಿತು. ರಕ್ತ ಚಿಮ್ಮಿತಂತೆ. ಸರ್ಜನ್ ಒಂದು ಕೈಯಲ್ಲಿ ಅದನ್ನು ಅದುಮಿ ಹಿಡಿದು, ಇನ್ನೊಂದು ಕೈಯ ಬೆರಳಲ್ಲಿ ಬಾಗಿಲು ಬಿಡಿಸಿ, ಹರಿದದ್ದನ್ನು ಹೊಲಿದರು. ಅಷ್ಟರಲ್ಲಿ ಐಸ್ ಪೆಟ್ಟಿಗೆಯ ಬಾಟಲಿಗಳು ಒಂದರ ಹಿಂದೆ ಒಂದು ನನ್ನ ಮೈಗೆ ಹೋಗಿದ್ದವು.

ನನಗೆ ಎಚ್ಚರವಾದಾಗ ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು ಇತ್ತು. ಪಕ್ಕೆಯಿಂದ ಒಂದು ರಬ್ಬರ್ ಕೊಳವೆ ಹೊರಟು ಮಂಚದ ಕೆಳಗಿನ ಗಾಜಿನ ಜಾಡಿಗೆ ಹೋಗಿತ್ತು. ತೋಳಿಗೆ ಇನ್ನೊಂದು ಕೊಳವೆ, ಮೇಲೆ ಬಾಟಲಿ. ಆ ತೋಳು ಹೆಗಲಿನವರೆಗೂ ತಣ್ಣಗೆ ಕೊರೆಯುತ್ತಿತ್ತು, ಬಾವಿಯೊಳಗೆ ಕೈ ಇಳಿಬಿಟ್ಟ ಹಾಗೆ. ಉಸಿರು ಮಾತ್ರ ಸರಾಗವಾಗಿತ್ತು. ನೋವು ಅಷ್ಟಿದ್ದರೂ ಮೊದಲು ಗಮನಕ್ಕೆ ಬಂದದ್ದು ಅದೇ.

ಆದರೆ ಜಾಡಿ ತುಂಬುವುದು ನಿಲ್ಲಲಿಲ್ಲ. ಹೊಲಿಗೆ ಹಾಕಿದ ಕಡೆಯೆಲ್ಲ ಜಿನುಗುತ್ತಿತ್ತು. ಸೂಜಿ ಚುಚ್ಚಿದ ಸಣ್ಣ ತೂತುಗಳಲ್ಲೂ ರಕ್ತ ಒಸರುತ್ತಿತ್ತು. ಚಿಕ್ಕ ಡಾಕ್ಟರೊಬ್ಬರು ನನ್ನ ಇನ್ನೊಂದು ತೋಳಿನಿಂದ ಸ್ವಲ್ಪ ರಕ್ತ ತೆಗೆದು ಸಣ್ಣ ಗಾಜಿನ ಕೊಳವೆಗೆ ಬಿಟ್ಟು, ಅದನ್ನು ಮುಷ್ಟಿಯೊಳಗೆ ಬೆಚ್ಚಗೆ ಹಿಡಿದು ನಿಂತರು. ಆಗಾಗ ಮುಷ್ಟಿ ಬಿಚ್ಚಿ ಕೊಳವೆ ಓರೆ ಮಾಡಿ ನೋಡುತ್ತಿದ್ದರು. ರಕ್ತ ಗಟ್ಟಿಯಾಗಬೇಕಿತ್ತು, ಆಗಲಿಲ್ಲ. ಪ್ರತಿ ಸಲ ಓರೆ ಮಾಡಿದಾಗಲೂ ನೀರಿನಂತೆ ಈ ಕಡೆಯಿಂದ ಆ ಕಡೆಗೆ ಹರಿಯುತ್ತಿತ್ತು. ಅವರು ಸರ್ಜನ್ ಕಡೆ ನೋಡಿ ತಲೆ ಆಡಿಸಿದರು. ನಾನು ಅದನ್ನು ನೋಡುತ್ತಾ ಮಲಗಿದ್ದೆ. ಹೆದರಿಕೆ ಆಗಲಿಲ್ಲ, ಇಷ್ಟೆಲ್ಲ ಜನಕ್ಕೆ ತೊಂದರೆ ಕೊಟ್ಟೆನಲ್ಲ ಅಂತ ಸಂಕೋಚವಾಯಿತು.

ಹೊರಗೆ ವರಾಂಡದಲ್ಲಿ ನಡೆದದ್ದನ್ನು ನನ್ನ ಗಂಡ ಎಷ್ಟೋ ದಿನದ ಮೇಲೆ ಹೇಳಿದರು. ಸರ್ಜನ್ ಬಂದು, "ಐಸ್ ಪೆಟ್ಟಿಗೆ ರಕ್ತ ಇನ್ನು ಸಾಕು. ಈಗ ಹಸಿ ರಕ್ತ ಬೇಕು, ಈ ಗಳಿಗೇಲಿ ತೆಗೆದದ್ದು. ಅಣ್ಣ ಎಲ್ಲಿ?" ಅಂದರು. ಅಣ್ಣ ಅಲ್ಲಿರಲಿಲ್ಲ. ಸ್ವಲ್ಪ ಮುಂಚೆ ಆಯಾ ಒಬ್ಬಳು ರಕ್ತ ತುಂಬಿದ ಜಾಡಿ ಹಿಡಿದುಕೊಂಡು ಅವನ ಮುಂದೆಯೇ ಹೋಗಿದ್ದಳು. ಅದನ್ನು ನೋಡಿ, ಕಾಫಿ ಕುಡಿದು ಬರ್ತೀನಿ ಅಂತ ಎದ್ದು ಹೋದವನು ಬರಲಿಲ್ಲ. ಗಂಡ ಗೇಟಿನವರೆಗೆ ಓಡಿದರು, ಹೋಟೆಲಿನಲ್ಲಿ ನೋಡಿದರು, ಬಸ್ ನಿಲ್ಲುವ ಕಡೆ ನೋಡಿದರು. ತಿರುಗಿ ಬಂದಾಗ ಉಲ್ಲಾಳದ ಹುಡುಗಿ ಎದ್ದು ನಿಂತಿದ್ದಳು.

"ನಂದೂ ಸೇರುತ್ತೆ ಅಂದಿದ್ರಲ್ಲ," ಅಂತ ಅವಳು ಸರ್ಜನ್ನಿಗೆ ಹೇಳುತ್ತಿದ್ದಳು.

ಅತ್ತೆ ಅವಳ ರಟ್ಟೆ ಹಿಡಿದುಕೊಂಡಿದ್ದರು. "ಮದುವೆ ಆಗದ ಹುಡುಗಿ ಸ್ವಾಮಿ. ಇವಳಪ್ಪಂಗೆ ನಾನು ಏನ್ ಹೇಳ್ಲಿ? ನಂದು ತಕ್ಕಳಿ, ನಂದು ನೋಡಿ."

"ನಿಮ್ಮದು ಸೇರಲ್ಲಮ್ಮ, ನೋಡಿ ಆಗಿದೆ. ಇವರು ಗಟ್ಟಿಮುಟ್ಟಾಗಿದಾರೆ, ಏನೂ ಆಗಲ್ಲ. ಆದ್ರೆ ಬಲವಂತ ಮಾಡಲ್ಲ."

"ಬಿಡಿ ಅತ್ತೆ," ಅಂದಳಂತೆ ಹುಡುಗಿ. "ಹೊತ್ತಾಗ್ತಾ ಇದೆ."

ಅತ್ತೆ ಕೈ ಬಿಟ್ಟರು. ನನ್ನ ಗಂಡ ಏನೂ ಹೇಳಲಿಲ್ಲ. ಇದನ್ನು ನನಗೆ ಹೇಳುವಾಗ ಆತನ ತಲೆ ಬಗ್ಗಿತ್ತು. "ಬೇಡ ಅಂದ್ರೆ ನೀನು ಸಾಯ್ತೀಯ. ಕೊಡು ಅಂದ್ರೆ ಯಾವ ಬಾಯಲ್ಲಿ ಹೇಳ್ಲಿ? ಅವಳನ್ನ ಯಾಕೆ ಮನೆಗೆ ಕರ್ಕೊಂಡ್ ಬಂದಿದ್ವಿ ಅಂತ ಅವಳಿಗೂ ಗೊತ್ತು, ನಂಗೂ ಗೊತ್ತು," ಅಂದರು.

ನನಗೆ ಗೊತ್ತಾದದ್ದು ಇಷ್ಟೆ. ನರ್ಸ್ ಬಂದು ಬಾಟಲಿ ಬದಲಾಯಿಸಿದಳು. ಹೊಸ ಬಾಟಲಿಯ ರಕ್ತ ತೋಳಿಗೆ ಇಳಿದಾಗ ಕೊರೆಯಲಿಲ್ಲ. ಅದು ನನ್ನ ಮೈಯಷ್ಟೇ ಬೆಚ್ಚಗಿತ್ತು. ಸ್ವಲ್ಪ ಹೊತ್ತಿನಲ್ಲಿ ತೋಳಿನ ಜೋಮು ಬಿಟ್ಟಿತು. ಅದಾದ ಮೇಲೆ ಅಂಥದೇ ಇನ್ನೆರಡು ಬಾಟಲಿ ಬಂದವು. ಅಲ್ಲೇ ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಕೊಟ್ಟದ್ದಂತೆ. ಬಿಸಿಲು ಕಿಟಕಿ ಬಿಟ್ಟು ಹೋಗುವ ಹೊತ್ತಿಗೆ ಚಿಕ್ಕ ಡಾಕ್ಟರು ಮತ್ತೆ ಮುಷ್ಟಿಯೊಳಗೆ ಗಾಜಿನ ಕೊಳವೆ ಹಿಡಿದು ನಿಂತರು. ಓರೆ ಮಾಡಿದರು, ತಲೆಕೆಳಗೆ ಮಾಡಿದರು. ರಕ್ತ ಅಲುಗಲಿಲ್ಲ. ಅವರು ಅದನ್ನು ನನ್ನ ಕಣ್ಣ ಮುಂದೆ ಹಿಡಿದು ನಕ್ಕರು.

ಮಾರನೇ ದಿನ ನರ್ಸ್ ನನ್ನ ಮುಖ ಒರೆಸುತ್ತಾ, "ನಿಮ್ಮ ತಂಗಿ ಗಟ್ಟಿಗಿತ್ತಿ. ರಕ್ತ ಕೊಟ್ಟು ಎದ್ದು ಕೂತು, ಅಕ್ಕಂಗೆ ಹೇಗಿದೆ ಅಂತ ಕೇಳ್ತಾಳೆ," ಅಂದಳು.

"ತಂಗಿ ಅಲ್ಲ," ಅಂದೆ.

"ಮತ್ತೆ ಏನಾಗ್ಬೇಕು?"

ಏನಾಗಬೇಕು ಅಂತ ಹೇಳುವುದು? ನಾನು ಸತ್ತರೆ ನನ್ನ ಮನೆಗೆ ಬರುವವಳು. ಸಾಯದಿದ್ದರೂ ಬರುವವಳು. ನಾನು ಗೋಡೆ ಕಡೆ ಮುಖ ತಿರುಗಿಸಿದೆ. ನೋವಿಗೆ ಅಳುತ್ತಿದ್ದೀನಿ ಅಂದುಕೊಂಡು ನರ್ಸ್ ಸೂಜಿಮದ್ದು ತರಲು ಹೋದಳು.

ಆ ಐಸ್ ಪೆಟ್ಟಿಗೆ ರಕ್ತಕ್ಕೆ ಏನಾಗಿತ್ತು ಅಂತ ಸರ್ಜನ್ನನ್ನು ನಾನೇ ಕೇಳಿದೆ. ಕೆಟ್ಟುಹೋಗಿತ್ತಾ ಅಂದೆ. ಅವರು ಮಂಚದ ಅಂಚಿಗೆ ಕೂತು ಹೇಳಿದರು. ಕೆಟ್ಟಿರಲಿಲ್ಲ, ಅದರ ಕೆಂಪು ಕಣಗಳು ಚೆನ್ನಾಗೇ ಇರುತ್ತವೆ, ಉಸಿರಿಗೆ ಬೇಕಾದ ಕೆಲಸ ಮಾಡುತ್ತವೆ. ಆದರೆ ರಕ್ತದಲ್ಲಿ ಇನ್ನೊಂದು ಬಗೆಯ ಕಣ ಇದೆ, ಬಹಳ ಸಣ್ಣದು, ಬಿಲ್ಲೆಯ ಹಾಗಿರುತ್ತದೆ. ಗಾಯ ಆದ ಕಡೆ ಅವು ಓಡಿಬಂದು ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುತ್ತವೆ. ಬಾಟಲಿಗೆ ಹಾಕಿ ತಣ್ಣಗೆ ಇಟ್ಟರೆ ಅವು ಬಾಳುವುದಿಲ್ಲ. ಒಂದಷ್ಟು ಗಾಜಿಗೇ ಅಂಟುತ್ತವೆ, ಉಳಿದವು ಬೇಗ ಸತ್ತುಹೋಗುತ್ತವೆ. "ನಿಮ್ಮ ಸ್ವಂತ ರಕ್ತ ಹೋಯ್ತು, ಅದರ ಬದಲು ಬಾಟಲಿದು ತುಂಬಿದ್ವಿ. ನೋಡೋಕೆ ರಕ್ತಾನೇ, ಆದ್ರೆ ಹೆಪ್ಪು ಹಾಕದ ಹಾಲಿನ ಥರ. ಎಷ್ಟು ಹೊತ್ತು ಇಟ್ರೂ ಮೊಸರಾಗಲ್ಲ," ಅಂದರು.

"ಹಂಗಾದ್ರೆ ಹೆಪ್ಪು ಅವಳದು," ಅಂದೆ.

"ಮೊದಲನೇದು ಅವರದೇ. ಅದು ತಡವಾಗಿದ್ರೆ ಆಮೇಲಿನದು ಬರೋವರೆಗೆ ನೀವು ಇರ್ತಿರ್ಲಿಲ್ಲ."

ಅಣ್ಣ ಮೂರು ನಾಲ್ಕು ದಿನ ಕಳೆದು ಕಿತ್ತಳೆಹಣ್ಣು ಹಿಡಿದುಕೊಂಡು ಬಂದ. ಅತ್ತೆ ಅಲ್ಲೇ ಇದ್ದರು. ಅವನು ಹಣ್ಣು ಇಟ್ಟು, ಬಾಗಿಲ ಹತ್ತಿರವೇ ನಿಂತುಕೊಂಡ.

"ನಂಗೆ ಆ ಜಾಡಿ ನೋಡಿ ಹೆದರಿಕೆ ಆಗ್ಬಿಡ್ತು ಕಣವ್ವ. ರಕ್ತ ಕೊಟ್ಟೋರಿಗೆ ಹೊಲದ ಕೆಲಸ ಆಗಲ್ಲ ಅಂತ ಅಂದ್ರು ಯಾರೋ. ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ ನಂಗೆ."

ಅತ್ತೆ ಹಣ್ಣನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದು ಕಿತ್ತಳೆ ಸುಲಿದು ತೊಳೆ ಬಿಡಿಸಿ ನನ್ನ ಬಾಯಿಗೆ ಕೊಟ್ಟರು. ಬೈದಿದ್ದರೆ ನನ್ನ ತವರಿನ ಪರವಾಗಿ ನಾನೂ ಏನಾದರೂ ಹೇಳಬಹುದಾಗಿತ್ತು. ಅವರು ಬೈಯಲಿಲ್ಲ. ಮೀಸೆಯ ಮೇಲೆ ಕೈ ಆಡಿಸಿದವನು ನನ್ನ ಅಣ್ಣ, ರಟ್ಟೆ ನೀಡಿದವಳು ಅವರ ಅಣ್ಣನ ಮಗಳು. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮನೆಗೆ ಬಂದೆ. ನೆಟ್ಟಗೆ ಮಲಗಿ ನಿದ್ದೆ ಮಾಡಿದೆ. ಮೊದಲು ಅಂಗಳದವರೆಗೆ, ಆಮೇಲೆ ಬೀದಿಯ ಕೊನೆವರೆಗೆ, ಆಮೇಲೆ ನಲ್ಲಿಯವರೆಗೆ ನಡೆದೆ. ಒಂದು ದಿನ ಅರ್ಧ ಬಿಂದಿಗೆ ನೀರು ತಂದಾಗ ಬೀದಿಯ ಹೆಂಗಸರೆಲ್ಲ ನಿಂತು ನೋಡಿದರು. ಹುಡುಗಿ ಬಾಗಿಲಲ್ಲಿ ನಿಂತು ನೋಡಿ ನಕ್ಕಳು. ಆ ನಗುವಿನಲ್ಲಿ ಕಪಟವಿರಲಿಲ್ಲ. ಆದರೆ ನಾನು ಒಂದೊಂದು ಕೆಲಸ ವಾಪಸ್ಸು ತೆಗೆದುಕೊಂಡ ಹಾಗೆಲ್ಲ ಆ ಮನೆಯಲ್ಲಿ ಅವಳಿಗೆ ಮಾಡಲು ಒಂದು ಕೆಲಸ ಕಡಿಮೆಯಾಗುತ್ತಿತ್ತು. ಕೊನೆಗೆ ಅವಳು ಸುಮ್ಮನೆ ಕೂತಿರುವ ಹೊತ್ತು ಜಾಸ್ತಿಯಾಯಿತು. ಮುಂದೆ ಬಸುರಾದರೂ ತೊಂದರೆ ಇಲ್ಲ ಅಂತ ಸರ್ಜನ್ ಹೇಳಿದ ಮೇಲಂತೂ ಅತ್ತೆ ಉಲ್ಲಾಳಕ್ಕೆ ಹೇಳಿಕಳಿಸಿದರು.

ಅವಳ ಅಪ್ಪ ಗಾಡಿ ಕಟ್ಟಿಕೊಂಡು ಬಂದ. ಒಳಗೆ ಕರೆದರೂ ಬರಲಿಲ್ಲ, ಜಗಲಿಯ ಮೇಲೇ ಕೂತ. ತಂಗಿಗೆ ಹೇಳಿದ, "ಮಗಳನ್ನ ಸೊಸೆ ಮಾಡ್ಕೋತೀನಿ ಅಂತ ಕರ್ಕೊಂಡ್ ಬಂದೆ. ಚಾಕರಿ ಮಾಡಿಸ್ದೆ. ಮೈಯಿಂದ ರಕ್ತಾನೂ ತಗೊಂಡೆ. ಈಗ ಕರ್ಕೊಂಡ್ ಹೋಗು ಅಂತೀಯ. ಊರಲ್ಲಿ ನಾನು ಹೆಂಗೆ ತಲೆ ಎತ್ತಲಿ ಹೇಳು."

ಅತ್ತೆ ಕಂಬ ಹಿಡಿದು ನಿಂತಿದ್ದರು. ನನ್ನ ಗಂಡ ಅಂಗಳ ನೋಡುತ್ತಿದ್ದರು. ನಾನು ಒಳಗಿನಿಂದ ಹೊರಗೆ ಬಂದು, "ಮದುವೆ ಮಾಡಿಕೊಳ್ಳಿ. ನಂದು ಒಪ್ಪಿಗೆ ಇದೆ," ಅಂತ ಗಂಡನಿಗೆ ಹೇಳಿದೆ. ಹೇಳುವಾಗಲೇ, ಈತ ಬೇಡ ಅನ್ನಲಿ ದೇವರೇ ಅಂತ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಬಾಯಲ್ಲಿ ದೊಡ್ಡ ಮಾತು, ಹೊಟ್ಟೆಯಲ್ಲಿ ಅದು. ಆ ಗಳಿಗೆ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಉತ್ತರ ಕೊಟ್ಟದ್ದು ಹುಡುಗಿ. ತಗಡಿನ ಪೆಟ್ಟಿಗೆ ಆಗಲೇ ಅವಳ ಕೈಯಲ್ಲಿತ್ತು.

"ನಂಗೆ ಬೇಡ ಅಕ್ಕ. ಬಾವನ್ನ ಕೊಡ್ಲಿ ಅಂತ ನಾನು ರಕ್ತ ಕೊಡ್ಲಿಲ್ಲ. ದಿನಾ ರಾತ್ರಿ ನೀವು ಉಸಿರಿಗೆ ಒದ್ದಾಡೋದು ಕೇಳಿ ಕೇಳಿ ನಂಗೆ ಸಾಕಾಗಿತ್ತು. ನಿಂತ್ರೆ ಸಾಕು ಅನ್ನಿಸ್ತಿತ್ತು." ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿ ಹೇಳಿದಳು, "ಹೆಂಗಾದ್ರೂ ಸರಿ, ನಿಂತ್ರೆ ಸಾಕು ಅಂತಾನೂ ಅಂದ್ಕೊಂಡಿದೀನಿ ಕೆಲವು ಸಲ. ಅದನ್ನೂ ಹೇಳ್ಬಿಡ್ತೀನಿ."

ಆಮೇಲೆ ಅಪ್ಪನಿಗಿಂತ ಮುಂಚೆ ಹೋಗಿ ಗಾಡಿಯಲ್ಲಿ ಕೂತಳು.

ಅವಳು ಹೋದ ಮೇಲೆ ಬಂದ ಸುದ್ದಿಗಳು ಒಳ್ಳೆಯವಲ್ಲ. ರಕ್ತ ತೆಗೆಸಿಕೊಂಡವಳು, ಇನ್ನು ಮಕ್ಕಳಾಗುವುದಿಲ್ಲ ಅಂತ ಊರಲ್ಲಿ ಮಾತು ಹಬ್ಬಿತ್ತು. ನಮ್ಮ ಮನೆಯಲ್ಲಿ ಅಷ್ಟು ದಿನ ಇದ್ದು ಬಂದದ್ದಕ್ಕೂ ಮಾತು. ನೋಡಿಕೊಂಡು ಹೋದ ಗಂಡಿನ ಕಡೆಯವರು ತಿರುಗಿ ಬರುತ್ತಿರಲಿಲ್ಲ. ಕೆಂಗೇರಿಯ ಒಂದು ಮನೆಯವರು ಒಪ್ಪಿ, ಆಮೇಲೆ ಯಾರೋ ಕಿವಿ ಊದಿ ಅವರೂ ಹಿಂದೆಗೆದರು ಅಂತ ಕೇಳಿದ ದಿನ ನಾನು ಅತ್ತೆಯ ಮುಂದೆ ಹೋಗಿ ನಿಂತೆ.

"ಕೆಂಗೇರಿಗೆ ಹೋಗಾನ ಬನ್ನಿ."

"ಹೋಗಿ ಏನ್ ಮಾಡ್ತೀಯ?"

"ನನ್ನನ್ನ ತೋರಿಸ್ತೀನಿ."

ಅತ್ತೆ ಸೀರೆ ಬದಲಾಯಿಸಲು ಒಳಗೆ ಹೋದರು. ಬಸ್ಸು ಹಿಡಿದು ಹೋದೆವು. ಆ ಮನೆಯಲ್ಲಿ ಹುಡುಗನ ತಾಯಿ ವಿಧವೆ, ಹಸುಗಳನ್ನು ಕಟ್ಟಿದ್ದರು, ಕೈಯೆಲ್ಲ ಹಿಂಡಿ ಮೆತ್ತಿತ್ತು. ನಾವು ಯಾರು ಅಂತ ಅತ್ತೆ ಹೇಳಿದರು. ಆಕೆ ಮುಖ ಗಂಟು ಹಾಕಿಕೊಂಡು, "ಆ ವಿಷಯ ಮುಗೀತಲ್ಲವ್ವ," ಅಂದರು.

"ಒಂದು ಗಳಿಗೆ ಒಳಗೆ ಬನ್ನಿ," ಅಂದೆ.

ಒಳಕೋಣೆಯಲ್ಲಿ ಬಾಗಿಲು ಮುಚ್ಚಿ ಸೆರಗು ತೆಗೆದು ರವಿಕೆ ಬಿಚ್ಚಿದೆ. ಎಡಮೊಲೆಯ ಕೆಳಗಿನಿಂದ ಬೆನ್ನಿನವರೆಗೆ ಹೋಗುವ ಗಾಯವನ್ನು ಅಲ್ಲಿಯವರೆಗೆ ನನ್ನ ಗಂಡನೂ ಬೆಳಕಿನಲ್ಲಿ ನೋಡಿರಲಿಲ್ಲ. ಸ್ನಾನ ಮಾಡುವಾಗ ನಾನೇ ನೋಡಿಕೊಳ್ಳುತ್ತಿರಲಿಲ್ಲ. ಪರಿಚಯವಿಲ್ಲದ ಹೆಂಗಸಿನ ಮುಂದೆ ಹಾಗೆ ನಿಂತಾಗ ಮೈಯೆಲ್ಲ ಹಿಡಿಯಷ್ಟಾಯಿತು.

"ಇಲ್ಲಿ ಕೊಯ್ದಿದ್ರು," ಅಂದೆ. "ರಕ್ತ ನಿಲ್ತಿರ್ಲಿಲ್ಲ. ನಮ್ಮಣ್ಣ ಹೆದರಿ ಓಡಿಹೋದ. ಅವಳು ಕೊಟ್ಟಳು. ಕೊಟ್ಟು ಮಾರನೇ ದಿನ ಎದ್ದು ನಮ್ಮನೇಲಿ ನೀರು ಹೊತ್ತಿದಾಳೆ. ಅವಳ ಮೈಯಲ್ಲಿ ಏನೂ ಕಡಿಮೆ ಆಗಿಲ್ಲ. ನಮ್ಮನೇಲಿ ಅವಳು ನನ್ನ ಪಕ್ಕ ಮಲಗ್ತಿದ್ದಳು, ನನ್ನ ಪಕ್ಕದಲ್ಲೇ. ನನ್ನ ಮಕ್ಕಳ ಮೇಲೆ ಆಣೆ ಇಡೋಣ ಅಂದ್ರೆ ನಂಗೆ ಇನ್ನೂ ಮಕ್ಕಳಿಲ್ಲ."

ಆಕೆ ಹತ್ತಿರ ಬಂದರು. ಹಿಂಡಿ ಮೆತ್ತಿದ ಬೆರಳನ್ನು ಸೀರೆಗೆ ಒರೆಸಿಕೊಂಡು ಗಾಯದ ಮೇಲೆ ಇಟ್ಟರು, ಹಸುವಿನ ಮೈ ಮುಟ್ಟಿ ನೋಡುವ ಹಾಗೆ, ತುದಿಯಿಂದ ತುದಿವರೆಗೆ.

"ನೋವಿದೆಯಾ?"

"ಚಳಿ ಆದಾಗ ಇರುತ್ತೆ."

"ಹಾಕ್ಕೊಳವ್ವ," ಅಂದರು. ನನ್ನ ರವಿಕೆಯನ್ನು ಅವರೇ ಎತ್ತಿ ಕೊಟ್ಟರು. ಹೊರಗೆ ಬಂದು ನಮ್ಮಿಬ್ಬರಿಗೂ ಮಜ್ಜಿಗೆ ಕೊಟ್ಟರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಿಂದೆ ಯಾವತ್ತೂ ಹಾಗೆ ಮಾಡಿದವರಲ್ಲ.

ಸುಗ್ಗಿ ಮುಗಿದ ಮೇಲೆ ಕೆಂಗೇರಿಯ ಆ ಹುಡುಗನಿಗೂ ಅವಳಿಗೂ ಮದುವೆಯಾಯಿತು. ಅವಳಿಗೆ ನನಗಿಂತ ಮೊದಲೇ ಮಗುವಾಯಿತು, ಗಂಡು. ಐವತ್ತರ ದಶಕ ಮುಗಿಯುವ ಹೊತ್ತಿಗೆ ನನಗೂ ಒಂದು ಹೆಣ್ಣುಮಗು ಹುಟ್ಟಿ, ನಾಮಕರಣಕ್ಕೆ ಅವಳು ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ರಾಜಾಜಿನಗರಕ್ಕೆ ಬಂದಳು.

ಎಲ್ಲ ಚೆನ್ನಾಗಿಯೇ ಮುಗಿದ ಮೇಲೆ ಇನ್ನೇನು ನಾಚಿಕೆ ಅಂತ ಯಾರಾದರೂ ಕೇಳಬಹುದು. ಅವಳು ಎದುರಿಗೆ ಬಂದರೆ ನನಗೆ ಕೈಕಾಲು ಆಡುತ್ತಿರಲಿಲ್ಲ. ಅವಳಿಗೆ ಮೊದಲು ಮಣೆ ಹಾಕುತ್ತಿದ್ದೆ, ಅವಳ ತಟ್ಟೆಗೆ ಎಲ್ಲರಿಗಿಂತ ಹೆಚ್ಚು ತುಪ್ಪ ಬಡಿಸುತ್ತಿದ್ದೆ, ಅವಳು ಕೂತಿರುವಾಗ ನಾನು ಕೂರುತ್ತಿರಲಿಲ್ಲ. ನಾಮಕರಣದ ದಿನ ನೆಂಟರೆಲ್ಲ ಹೋದ ಮೇಲೆ, ಉಳಿದವರು ಉಣ್ಣಲು ಕೂತಾಗ ನಾನು ಸೌಟು ಹಿಡಿದು ಅವಳ ಪಕ್ಕವೇ ನಿಂತಿದ್ದೆ. ಅವಳು ತಟ್ಟೆಗೆ ಕೈ ಅಡ್ಡ ಹಿಡಿದಳು.

"ಅಕ್ಕ, ನೀವು ಹಿಂಗೆ ನಿಂತ್ಕೊಂಡ್ರೆ ನಂಗೆ ಅನ್ನ ಇಳಿಯಲ್ಲ. ಇನ್ಮೇಲೆ ನಾನು ಬರೋದೇ ಇಲ್ಲ. ಕೂತ್ಕೊಳ್ಳಿ."

ಅತ್ತೆ ನನ್ನ ಕೈಯಿಂದ ಸೌಟು ತೆಗೆದುಕೊಂಡರು. ನಾನು ಅವಳ ಪಕ್ಕದಲ್ಲಿ ಕೂತೆ. ಅವಳು ತನ್ನ ಮಗನಿಗೆ ತುತ್ತು ಕಲಸುತ್ತಾ, ಹುಳಿಗೆ ಉಪ್ಪು ಸ್ವಲ್ಪ ಜಾಸ್ತಿಯಾಗಿದೆ ಅಂದಳು. ಹೌದು ಅಂದೆ. ತಲೆ ಎತ್ತಲು ಆಗದೆ, ಅನ್ನ ಕಲಸಿಕೊಂಡು ಊಟ ಮಾಡಿದೆ.